ಡಿಪ್ರೆಶನ್ ಇರುವ ಅಣ್ಣನ ಹುಟ್ಟುಹಬ್ಬಕ್ಕೆ ಏನು ಕೊಡಲಿ?

ತಂಗಿ_ಒಬ್ಬಳು

ಮುಂದಿನ ತಿಂಗಳು ನಮ್ಮಣ್ಣನ ಹುಟ್ಟುಹಬ್ಬ. ಅವನಿಗೆ ಡಿಪ್ರೆಶನ್ ಅಂತ ಡಾಕ್ಟರು ಹೇಳಿದ್ದಾರೆ. ಮಾತ್ರೆ ಈಗಷ್ಟೇ ಶುರುವಾಗಿದೆ. ಅವನು ಒಬ್ಬನೇ ಇರುತ್ತಾನೆ, ನಾನು ದೂರದಲ್ಲಿದ್ದೇನೆ.

ಮೊದಲೆಲ್ಲ ಅವನಿಗೆ ಏನು ಕೊಡಬೇಕು ಅಂತ ತಲೆ ಕೆಡಿಸಿಕೊಂಡಿದ್ದೇ ಇಲ್ಲ. ಕ್ಯಾಮೆರಾ ಹುಚ್ಚು ಅವನಿಗೆ. ಅದಕ್ಕೆ ಸಂಬಂಧಪಟ್ಟಿದ್ದು ಏನು ಕೊಟ್ಟರೂ ಖುಷಿಪಡುತ್ತಿದ್ದ. ಈಗ ವಿಡಿಯೊ ಕಾಲ್ ಮಾಡಿದರೆ ಅವನ ಹಿಂದೆ ಕುರ್ಚಿಯ ಮೇಲೆ ಕ್ಯಾಮೆರಾ ಬ್ಯಾಗು, ಅದರ ಮೇಲೆ ಮಡಚದ ಬಟ್ಟೆಯ ರಾಶಿ ಕಾಣುತ್ತದೆ. "ಏನು ಬೇಕು ಹೇಳೋ" ಅಂದರೆ "ಏನೂ ಬೇಡ ಕಣೇ, ಸುಮ್ನೆ ದುಡ್ಡು ಹಾಳು ಮಾಡಬೇಡ" ಅನ್ನುತ್ತಾನೆ.

ಸದ್ಯಕ್ಕೆ ನನ್ನ ತಲೆಯಲ್ಲಿರುವುದು ಇಷ್ಟು: ಹೊಸ ಲೆನ್ಸ್, ಒಂದು ಗಿಡ, ಚೆಂದದ ಡೈರಿ, ಇಲ್ಲವೇ ತೂಕದ ಹೊದಿಕೆ (ನಿದ್ದೆಗೆ ಒಳ್ಳೆಯದು ಅಂತ ಒಳಗೆ ಭಾರ ತುಂಬಿ ಹೊಲಿದದ್ದು). ಚಿಕ್ಕಮ್ಮ ಮನಸ್ಸು ಹಗುರ ಮಾಡುವ ಯಾವುದೋ ಗಿಡಮೂಲಿಕೆ ಕ್ಯಾಪ್ಸೂಲ್ ಕಳಿಸು ಅಂತಿದ್ದಾರೆ. ಅಮ್ಮನಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ಸರ್ಪ್ರೈಸ್ ಕೊಡುವ ಆಸೆ. ನೀವೇನಂತೀರಿ?

ನಿದ್ದೆಗಣ್ಣು

ನನ್ನ ಓಟು ಹೊದಿಕೆಗೆ. ಸ್ವೀಡನ್‌ನಲ್ಲಿ ಮಾನಸಿಕ ಕಾಯಿಲೆಯ ಜೊತೆ ನಿದ್ದೆಯ ತೊಂದರೆಯೂ ಇದ್ದ 120 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು, 2020ರಲ್ಲಿ ಪ್ರಕಟವಾಯಿತು. ಹಗುರ ಹೊದಿಕೆ ಹೊದ್ದವರಿಗಿಂತ ಭಾರದ್ದು ಹೊದ್ದವರಿಗೆ ನಿದ್ದೆ ಚೆನ್ನಾಗಿ ಬಂತಂತೆ. ಮೈತೂಕದ ಹತ್ತನೇ ಒಂದು ಭಾಗದಷ್ಟು ತೂಕ ಇದ್ದರೆ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಉಸಿರಾಟದ ತೊಂದರೆ ಇದ್ದರೆ ಬೇಡ. ಕೆಲವರಿಗೆ ಅದು ಅದುಮಿ ಹಿಡಿದ ಹಾಗೆ ಅನಿಸುತ್ತದೆ, ಹಾಗಾಗಿ ವಾಪಸ್ ತಗೊಳ್ಳುವ ಕಡೆ ಕೊಳ್ಳಿ.

ಕಿಟಕಿ_ಪಕ್ಕ

ನಾನೇ ಡಿಪ್ರೆಶನ್ ಇರುವವಳು, ಈಗಲೂ ಮಾತ್ರೆ ತಗೊಳ್ಳುತ್ತೇನೆ. ಅದಕ್ಕೇ ಉಡುಗೊರೆ ಈಸ್ಕೊಳ್ಳುವವರ ಕಡೆಯಿಂದ ಮಾತಾಡುತ್ತೇನೆ.

ತೀರಾ ಕೆಟ್ಟಿದ್ದಾಗ ನನಗೆ ಬಂದ ಉಡುಗೊರೆಗಳೆಲ್ಲ ಒಂದೊಂದು ಕೆಲಸ ಹಚ್ಚಿದವು. ಡೈರಿ ಬಂತು, ಬರೆಯಬೇಕು. ಪುಸ್ತಕ ಬಂತು, ಓದಬೇಕು. ಒಂದೇ ಸಾಲಿನ ಮೇಲೆ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು, ತಲೆಗೆ ಇಳಿಯುತ್ತಿರಲಿಲ್ಲ. ಗಿಡ ಬಂತು, ನೀರು ಹಾಕಬೇಕು. ಹಾಕಲಿಲ್ಲ, ಒಣಗಿತು. ನೋಡಿದವರಿಗೆ ಅದು ಒಣಗಿದ ಗಿಡ ಅಷ್ಟೇ. ನನಗೆ ಮಾತ್ರ "ಇಷ್ಟೂ ನಿನ್ನ ಕೈಲಾಗಲ್ಲ" ಅಂತ ದಿನಾ ಹಂಗಿಸುತ್ತಿತ್ತು. ಅದನ್ನು ಎತ್ತಿ ಬಿಸಾಕುವುದಕ್ಕೂ ಆಗುತ್ತಿರಲಿಲ್ಲ.

ಹಾಗಾಗಿ ಲೆನ್ಸ್ ಈಗ ಬೇಡ. ಇಷ್ಟವಾಗಿದ್ದರ ಮೇಲೆ ಆಸಕ್ತಿ ಹೋಗುವುದು ಈ ಕಾಯಿಲೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು. ಇನ್ನೊಂದು ಬಿಡದೆ ಕಾಡುವ ದುಃಖ. "ತಂಗಿ ಇಷ್ಟು ಖರ್ಚು ಮಾಡಿದ್ದಾಳೆ, ನನಗೆ ಡಬ್ಬ ಬಿಚ್ಚುವುದಕ್ಕೂ ಮನಸ್ಸಿಲ್ಲ" ಅಂತ ಅವರು ಒಳಗೊಳಗೇ ಕೊರಗುತ್ತಾರೆ. ಲೆನ್ಸ್ ಎಲ್ಲೂ ಓಡಿಹೋಗಲ್ಲ. ಮುಂದೆ ಅವರೇ ಬೆಳಕು, ನೆರಳು ಅಂತ ಮಾತು ತೆಗೆದಾಗ ಕೊಡಿ.

ನನಗೆ ಕೆಲಸಕ್ಕೆ ಬಂದಿದ್ದು ಏನು ಗೊತ್ತಾ? ನಗಬೇಡಿ, ಉದ್ದನೆಯ ಚಾರ್ಜರ್ ವೈರು. ನಮ್ಮ ರೂಮಿನಲ್ಲಿ ಪ್ಲಗ್ ಇರುವುದು ಬಾಗಿಲ ಹತ್ತಿರ. ಫೋನ್ ಆಫ್ ಆದರೆ ಎದ್ದು ಹೋಗಿ ಹಾಕುವ ಶಕ್ತಿ ಇರುತ್ತಿರಲಿಲ್ಲ, ಜನ "ಫೋನೇ ಎತ್ತಲ್ಲ ಇವಳು" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ಗೆಳತಿಯೊಬ್ಬಳು ಬಂದಾಗ ಇದನ್ನು ಗಮನಿಸಿದಳು. ಮುಂದಿನ ಸಲ ಉದ್ದದ ವೈರು ತಂದು, ಪ್ಲಗ್‌ಗೆ ಹಾಕಿ, ಗೋಡೆ ಅಂಚಿಗೆ ಟೇಪು ಅಂಟಿಸುತ್ತಾ ಬಂದು, ಮಂಚದ ಕಾಲಿಗೆ ಒಂದು ಸುತ್ತು ಸುತ್ತಿ ತುದಿಯನ್ನು ದಿಂಬಿನ ಪಕ್ಕ ಬಿಟ್ಟಳು. "ಎದ್ದು ಓಡಾಡು, ಸರಿಹೋಗುತ್ತೆ" ಅನ್ನಲಿಲ್ಲ. ಅವಳ ಆಫೀಸಿನ ಜಗಳದ ಕಥೆ ಹೇಳಿ ಹೋದಳು.

ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಅಣ್ಣನಿಗೆ ಕೆಲಸ ಕೊಡುತ್ತಾ, ಇರುವ ಕೆಲಸ ಕಡಿಮೆ ಮಾಡುತ್ತಾ? ಆ ಬಟ್ಟೆ ರಾಶಿ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಬಟ್ಟೆ ಒಗೆದು ಮಡಚಿ ತಂದುಕೊಡುವವರನ್ನು ಗೊತ್ತು ಮಾಡಿ, ಕೆಲವು ತಿಂಗಳ ದುಡ್ಡು ನೀವೇ ಕೊಟ್ಟುಬಿಡಿ. "ಯಾವತ್ತು ಬರಲಿ?" ಅಂತ ಅವರನ್ನು ಕೇಳಬೇಡಿ, ನಿರ್ಧಾರ ಮಾಡುವುದೇ ಆಗ ದೊಡ್ಡ ಹೊರೆ. "ಗುರುವಾರ ಸಂಜೆ ಬರುತ್ತಾರೆ, ಆಗಬಹುದಾ?" ಅನ್ನಿ. ಹೂಂ ಅಂದರೆ ಮುಗೀತು. ಸಂಜೆ ಯಾಕೆ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಬೆಳಗ್ಗೆಯೇ ಜಾಸ್ತಿ ಕಷ್ಟ.

ಹೊದಿಕೆ ಪರವಾಗಿಲ್ಲ. ಅದು ಏನನ್ನೂ ಕೇಳಲ್ಲ.

ಮಾತ್ರೆ_ಅಂಗಡಿ

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ಚಿಕ್ಕಮ್ಮನ ಕ್ಯಾಪ್ಸೂಲ್ ದಯವಿಟ್ಟು ಬೇಡ. ಮನಸ್ಸು ಹಗುರ ಮಾಡುತ್ತದೆ ಅಂತ ಮಾರುವ ಕೆಲವು ಗಿಡಮೂಲಿಕೆ ಕ್ಯಾಪ್ಸೂಲ್‌ಗಳಲ್ಲಿ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಸಾರ ಇರುತ್ತದೆ. ಡಿಪ್ರೆಶನ್ ಮಾತ್ರೆಯ ಜೊತೆ ಅದು ಸೇರಿದರೆ ಮೈಯಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಮಿತಿಮೀರಬಹುದು. ನಡುಕ, ಜ್ವರ, ಎದೆಬಡಿತ ಜೋರಾಗುವುದು, ಗಾಬರಿ ಎಲ್ಲ ಬರುತ್ತದೆ. ಜೀವಕ್ಕೇ ಅಪಾಯ ಆಗುವುದೂ ಉಂಟು. ಗಿಡದ್ದು, ಏನೂ ಆಗಲ್ಲ ಅನ್ನುವ ಮಾತು ನಂಬಬೇಡಿ.

ಯಾರಾದರೂ ಡಿಪ್ರೆಶನ್‌ಗೆ ಅಂತಲೇ ಬರುವ ಪ್ರಖರ ಬೆಳಕಿನ ದೀಪ ಕೊಡಿ ಅಂತಲೂ ಹೇಳಬಹುದು. ಬೆಳಕಿನ ಅಳತೆಯಲ್ಲಿ 10,000 ಲಕ್ಸ್‌ನದ್ದು, ಬೆಳಗ್ಗೆ ಅರ್ಧ ಗಂಟೆ. ಕೆಲವರಿಗೆ ಒಳ್ಳೆಯದೇ, ಆದರೆ ಬೈಪೋಲಾರ್ (ಮನಸ್ಸು ಒಮ್ಮೆ ಕುಗ್ಗಿ, ಒಮ್ಮೆ ಅತಿಯಾಗಿ ಉಬ್ಬುವ ಕಾಯಿಲೆ) ಇರುವವರಿಗೆ ಅದರಿಂದ ಉನ್ಮಾದ ಕೆರಳಬಹುದು. ಡಾಕ್ಟರನ್ನು ಕೇಳದೆ ಕೊಡಬೇಡಿ.

ಇನ್ನೊಂದು. ಮಾತ್ರೆಯ ಗುಣ ಕಾಣುವುದಕ್ಕೆ 2ರಿಂದ 4 ವಾರ ಬೇಕು, ಪೂರ್ತಿ ಗೊತ್ತಾಗಲು ಇನ್ನೂ ಜಾಸ್ತಿ. ವಾಕರಿಕೆ, ಬಾಯಿ ಒಣಗುವುದು ಮಾತ್ರ ಮೊದಲೇ ಬರುತ್ತವೆ. ಹುಟ್ಟುಹಬ್ಬದ ದಿನ "ಈಗ ಹುಷಾರಾದ್ಯಾ?" ಅಂತ ಯಾರೂ ಕೇಳದ ಹಾಗೆ ನೋಡಿಕೊಳ್ಳಿ.

ತಂಗಿ_ಒಬ್ಬಳು

ಎಲ್ಲರಿಗೂ ಥ್ಯಾಂಕ್ಸ್. ಲೆನ್ಸ್, ಗಿಡ, ಡೈರಿ, ಕ್ಯಾಪ್ಸೂಲ್ ಎಲ್ಲ ಕೈಬಿಟ್ಟೆ. ಬಟ್ಟೆಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಇವತ್ತೇ ವಿಚಾರಿಸುತ್ತೇನೆ. ಹೊದಿಕೆಯ ಜೊತೆ ಒಂದು ಕಾರ್ಡ್ ಇಡಬೇಕು ಅಂತಿದ್ದೇನೆ. "ಬೇಗ ಹುಷಾರಾಗು" ಅಂತ ಬರೆದರೆ ಸಾಕಾ?

ಲೆನ್ಸ್ ಮಾತು ಎತ್ತಿದಾಗ "ಬೇಕಾದ್ರೆ ನನ್ನ ಕ್ಯಾಮೆರಾನೂ ನೀನೇ ತಗೊಂಡುಬಿಡು, ನನಗಿನ್ನು ಯಾಕೆ" ಅಂದ. ಅದಕ್ಕೇ ಅದರ ಸುದ್ದಿಗೆ ಹೋಗುವುದೇ ಬೇಡ ಅನಿಸಿತು.

ಕಿಟಕಿ_ಪಕ್ಕ

ಕಾರ್ಡ್ ಆಮೇಲೆ. ಮೊದಲು ಆ ಕ್ಯಾಮೆರಾ ಮಾತು. ಪ್ರಾಣದ ಹಾಗೆ ಇಟ್ಟುಕೊಂಡಿದ್ದ ವಸ್ತು ಕೊಟ್ಟುಬಿಡುವುದು, "ನನಗಿನ್ನು ಯಾಕೆ" ಅನ್ನುವುದು, ಸುಮ್ನೆ ಬೇಸರದ ಮಾತಾಗಿರಬಹುದು. ಆಗಿಲ್ಲದೆಯೂ ಇರಬಹುದು. ಇವತ್ತೇ ಫೋನ್ ಮಾಡಿ, ಸುತ್ತಿ ಬಳಸದೆ ನೇರವಾಗಿ ಕೇಳಿ: "ಅಣ್ಣ, ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಅನ್ನುವುದು ಸುಳ್ಳು. ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದೆ. ಹೌದು ಅಂದರೆ ಗಾಬರಿಯಾಗಿ ಬುದ್ಧಿ ಹೇಳಲು ಹೋಗಬೇಡಿ. ಹೇಗೆ, ಯಾವಾಗ ಅಂತ ಏನಾದರೂ ಯೋಚಿಸಿದ್ದಾರಾ ಕೇಳಿ. ಯೋಚಿಸಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿ.

ಈಗ ಕಾರ್ಡ್. "ಬೇಗ ಹುಷಾರಾಗು" ಬೇಡ, ಆಗದಿದ್ದರೆ ಅದೂ ಅವರ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಜೆರೋಮ್ ಮೊಟ್ಟೊ ಅಂತ ಒಬ್ಬ ಮನೋವೈದ್ಯರಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದಮೇಲೆ ಚಿಕಿತ್ಸೆ ಬೇಡ ಅಂದ 843 ಜನರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ 5 ವರ್ಷ ಆಗಾಗ ಪುಟ್ಟ ಕಾಗದ ಬರೆಸಿದರು. ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬರೆಯಬೇಕು ಅನಿಸಿದರೆ ಬರೆಯಿರಿ, ಅಷ್ಟೇ. ಉಪದೇಶ ಇಲ್ಲ, ಬನ್ನಿ ಅನ್ನುವ ಒತ್ತಾಯ ಇಲ್ಲ. ಮೊದಲ ಎರಡು ವರ್ಷ ಕಾಗದ ಹೋದವರಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ನೀವೂ ಹಾಗೇ ಬರೆಯಿರಿ: "ನಿನ್ನ ನೆನಪಾಯಿತು ಕಣೋ. ಉತ್ತರ ಬರೆಯಬೇಕು ಅಂತೇನಿಲ್ಲ." ಹುಟ್ಟುಹಬ್ಬ ಕಳೆದ ಮೇಲೂ ಆಗಾಗ ಕಳಿಸುತ್ತಿರಿ.

ಅಮ್ಮನಿಗೆ ಹೇಳಿ, ಸರ್ಪ್ರೈಸ್ ಬೇಡ. ಬರುವುದಾದರೆ ಒಬ್ಬರೇ, ಮೊದಲೇ ತಿಳಿಸಿ, ಸಂಜೆ ಹೊತ್ತು.

ತಂಗಿ_ಒಬ್ಬಳು

ಕೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಆಗಾಗ ಅನ್ನಿಸುತ್ತೆ, ಏನೂ ಮಾಡಿಕೊಳ್ಳಲ್ಲ" ಅಂದ. ಡಾಕ್ಟರ ಕ್ಲಿನಿಕ್‌ಗೆ ಫೋನ್ ಮಾಡಿ ವಿಷಯ ಹೇಳಿದ್ದಕ್ಕೆ ನಾಳೆಗೇ ಸಮಯ ಕೊಟ್ಟಿದ್ದಾರೆ. ಇವತ್ತು ರಾತ್ರಿ ಅವನ ಸ್ನೇಹಿತ ಅಲ್ಲೇ ಮಲಗುತ್ತಾನೆ, ನಾನು ಬೆಳಗ್ಗೆ ತಲುಪುತ್ತೇನೆ. ಬಸ್ಸಿನಲ್ಲಿದ್ದೇನೆ, ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.