ಪದಚರ್ಚೆ: ಆಟಗಾರರ ‘ಡ್ರಾಫ್ಟ್’ಗೆ ‘ಪಾಳಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ‘ಡ್ರಾಫ್ಟ್’ ಅಂತ ಒಂದಿದೆಯಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ? ನಿಘಂಟು ‘ಕರಡು’ ಅನ್ನುತ್ತೆ. ಬ್ಯಾಂಕಿನವರನ್ನು ಕೇಳಿದರೆ ಡಿ.ಡಿ. ಮಾಡಿಸೋಕೆ ಚಲನ್ ಕೊಡ್ತಾರೆ. ಅನುವಾದದ ಯಂತ್ರಕ್ಕೆ ಹಾಕಿದೆ, ‘ಮೊದಲ ಸುತ್ತಿನ ಕರಡು’ ಅಂತ ಬಂತು. ವಿಧಾನಸಭೆಯಲ್ಲಿ ಯಾವುದೋ ಮಸೂದೆ ಮಂಡನೆ ಆಗ್ತಿದೆ ಅನ್ನೋ ಹಾಗೆ.

ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಊರು ನವಲಗುಂದದ ಕಡೆ. ಇಲ್ಲಿ ನಾವು ಆರೇಳು ಜನ ಕನ್ನಡದವರು ಸ್ಟೀಲರ್ಸ್ ತಂಡದ ಹುಚ್ಚು ಹಿಡಿಸಿಕೊಂಡಿದ್ದೇವೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ದರ್ಶನ ಐದು ನಿಮಿಷ. ಆಮೇಲೆ ಪುಳಿಯೋಗರೆ ತಟ್ಟೆ ಹಿಡಿದು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಬಗ್ಗೆ ಜಗಳ ಒಂದು ಗಂಟೆ. ಜಗಳವೆಲ್ಲ ಕನ್ನಡದಲ್ಲೇ. ಆದರೆ ಪದಗಳನ್ನು ಎಣಿಸಿದರೆ ಕನ್ನಡದ್ದು ಬರೀ ‘ಥೂ’, ‘ಅಯ್ಯೋ’, ‘ಹೇಳಿರಲಿಲ್ವಾ’.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಎಫ್‌ಎಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಕಾಲೇಜು ತಂಡಗಳಿಂದ ಬರುವ ಹುಡುಗರನ್ನು ಪ್ರತಿ ಏಪ್ರಿಲ್‌ನಲ್ಲಿ ಇವರು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಅವಕಾಶ, ಕಪ್ ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. 1936ರಿಂದ ನಡೆದುಕೊಂಡು ಬಂದಿದೆ. ದುಡ್ಡು ಕೂಗುವ ಹಾಗಿಲ್ಲ. ‘ಆ ತಂಡ ನನಗೆ ಬೇಡ’ ಅಂತ ಹುಡುಗ ಹೇಳುವ ಹಾಗೂ ಇಲ್ಲ. (ಒಬ್ಬಿಬ್ಬರು ಹೇಳಿ ಗೆದ್ದಿದ್ದಾರೆ, ಅದು ಬೇರೆ ಕಥೆ.)

ಹಾಗಾಗಿ ‘ಹರಾಜು’ ಸರಿಹೋಗಲ್ಲ. ನಮ್ಮವರ ಬಾಯಿಗೆ ಮೊದಲು ಬರುವುದು ಅದೇ, ಐಪಿಎಲ್ ದೆಸೆಯಿಂದ. ಹರಾಜಿನಲ್ಲಿ ಜೇಬು ದೊಡ್ಡದಿದ್ದವನು ಗೆಲ್ಲುತ್ತಾನೆ. ಇಲ್ಲಿ ಸೋತವನಿಗೆ ಮೊದಲ ಮಣೆ. ಅರ್ಥವೇ ತಿರುಗುಮುರುಗು. ‘ಆಯ್ಕೆ’ ಅಂದರೆ ತಪ್ಪೇನಿಲ್ಲ. ಆದರೆ ಅದರಲ್ಲಿ ಸಾಲೂ ಇಲ್ಲ, ಕಾಯುವುದೂ ಇಲ್ಲ. ರಣಜಿ ತಂಡದ ಆಯ್ಕೆಯೂ ಆಯ್ಕೆಯೇ, ಸೀರೆ ಆಯ್ಕೆಯೂ ಆಯ್ಕೆಯೇ.

ಈಗ ನನ್ನ ಪದ ಎಲ್ಲಿಂದ ಬಂತು ಹೇಳ್ತೀನಿ.

2025ರ ಏಪ್ರಿಲ್ 24ರ ರಾತ್ರಿ. ಡ್ರಾಫ್ಟ್ ನಡೆಯುತ್ತಿದ್ದದ್ದು ಗ್ರೀನ್ ಬೇಯಲ್ಲಿ, ನಾವು ಕೂತಿದ್ದು ನಮ್ಮ ಮನೆ ಟಿವಿ ಮುಂದೆ. ಊರಿಂದ ಅಪ್ಪ ಬಂದಿದ್ದರು. ಸೋಫಾ ಮೇಲೆ ನಮ್ಮ ‘ಟೆರಿಬಲ್ ಟವೆಲ್’ ಬಿದ್ದಿತ್ತು. ಸ್ಟೀಲರ್ಸ್ ಅಭಿಮಾನಿಗಳು 1975ರಿಂದ ಬೀಸಿಕೊಂಡು ಬಂದ ಹಳದಿ ಟವೆಲ್ ಅದು. ಅಪ್ಪ ಅದನ್ನು ಕೊಡವಿ, ಮಡಿಸಿ, ಸೀದಾ ಹೆಗಲ ಮೇಲೆ ಹಾಕಿಕೊಂಡರು. ‘ನಮ್ಮ ರೈತ ಸಂಘದ್ದು ಹಸರ, ನಿಮ್ಮದು ಹಳದಿ ಏನ?’ ಅಂದರು. ಆಮೇಲೆ ಅರ್ಧ ಗಂಟೆ ಸುಮ್ಮನೆ ನೋಡಿದರು. ಒಬ್ಬೊಬ್ಬ ಹುಡುಗ ಸೂಟು ಹಾಕಿಕೊಂಡು ವೇದಿಕೆಗೆ ಬರುವುದು, ಟೋಪಿ ಇಟ್ಟುಕೊಳ್ಳುವುದು, ಲೀಗಿನ ಮುಖ್ಯಸ್ಥ ಕಮಿಷನರ್‌ನನ್ನು ತಬ್ಬಿಕೊಳ್ಳುವುದು. ಕೊನೆಗೆ ಕೇಳಿದರು:

‘ಇದು ಲಿಲಾವ ಏನೋ ತಮ್ಮಾ?’

‘ಅಲ್ಲಪ್ಪಾ. ರೊಕ್ಕ ಯಾರೂ ಕೂಗೂದಿಲ್ಲ.’

‘ಮತ್ತ ಜಗಳ ಹೆಂಗ ಬಗೀಹರೀತದ?’

‘ಯಾರು ಮೊದಲ, ಯಾರು ಆಮ್ಯಾಲೆ ಅಂತ ಬರದಿಟ್ಟಾರ.’

‘ಹಂಗಾದ್ರ ಪಾಳಿ ಅನ್ನು. ನೀರಿನ ಪಾಳಿ ಇದ್ದಂಗ.’

ಮಲಪ್ರಭಾ ಕಾಲುವೆ ಕೆಳಗೆ ಬೇಸಾಯ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಿಟ್ಟಾಗ ಯಾರ ಹೊಲಕ್ಕೆ ಯಾವಾಗ ಅನ್ನುವುದು ಪಾಳಿ. ನಮ್ಮ ಪಾಳಿ ಎಷ್ಟೋ ಸಲ ನಡುರಾತ್ರಿ ಬರುತ್ತಿತ್ತು. ಅಪ್ಪ ಸಲಿಕೆ ಹಿಡಿದು ಮುಂದೆ, ನಾನು ಬ್ಯಾಟರಿ ಹಿಡಿದು ಹಿಂದೆ. ಒಡ್ಡು ಒಡೆದು ನೀರು ತಿರುವುವಾಗ ಮೇಲಿನ ಹೊಲದವನು ಎಚ್ಚರ ಇದ್ದಾನಾ ಅಂತ ಒಂದು ಕಣ್ಣು. ಇದರಲ್ಲಿ ಮುಖ್ಯವಾದದ್ದು ಒಂದಿದೆ. ಪಾಳಿ ಕೈಯಲ್ಲಿರುವ ಆಸ್ತಿ. ಒಂದು ವರ್ಷ ಅಪ್ಪ ನಮ್ಮ ರಾತ್ರಿ ಪಾಳಿಯನ್ನು ಪಕ್ಕದ ಹೊಲದವರಿಗೆ ಬಿಟ್ಟುಕೊಟ್ಟು, ಬದಲಿಗೆ ಎರಡು ದಿನ ಅವರ ಎತ್ತು ತಂದರು. ಪಾಳಿ ಕೊಡಬಹುದು, ತಗೊಳ್ಳಬಹುದು, ಬದಲಿ ಮಾಡಬಹುದು, ಮುಂದಿನದನ್ನು ಈಗಲೇ ಕಡ ಕೇಳಬಹುದು.

ಎನ್‌ಎಫ್‌ಎಲ್‌ನವರು ಮಾಡುವುದೂ ಇದನ್ನೇ ಅಲ್ವಾ!

ಇಂಗ್ಲಿಷಿನ ‘ಪಿಕ್’ ಅನ್ನುವ ಪದ ಇಲ್ಲಿ ಮೋಸ ಮಾಡುತ್ತೆ. ಆರಿಸುವ ಹಕ್ಕಿಗೂ ಪಿಕ್ ಅಂತಾರೆ, ಆರಿಸಿಕೊಂಡ ಹುಡುಗನಿಗೂ ಪಿಕ್ ಅಂತಾರೆ. ಕನ್ನಡದಲ್ಲಿ ಇವೆರಡನ್ನೂ ಬೇರೆ ಮಾಡಿದರೆ ಒಳ್ಳೆಯದು. ಹಕ್ಕಿಗೆ ‘ಪಾಳಿ’, ಹುಡುಗನಿಗೆ ‘ಆಯ್ಕೆ’. ಒಂದು ವಾಕ್ಯ ಇಟ್ಟು ನೋಡಿದೆ:

‘2017ರಲ್ಲಿ ಕಾನ್ಸಾಸ್ ಸಿಟಿಯವರು ತಮ್ಮ 27ನೇ ಪಾಳಿ, ಮೂರನೇ ಸುತ್ತಿನ ಒಂದು ಪಾಳಿ, ಸಾಲದ್ದಕ್ಕೆ ಮುಂದಿನ ವರ್ಷದ ಮೊದಲ ಸುತ್ತಿನ ಪಾಳಿಯನ್ನೂ ಬಫಲೋದವರಿಗೆ ಕೊಟ್ಟು 10ನೇ ಪಾಳಿ ಹಿಡಿದರು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಎತ್ತಿದರು.’

ನನ್ನ ಕಿವಿಗೆ ಇದು ಸಲೀಸಾಗಿದೆ. ‘ಪಾಳಿ’ ಇದ್ದ ಜಾಗದಲ್ಲಿ ‘ಸರದಿ’ ಹಾಕಿ ಓದಿ. ಒಂಥರಾ ಕೈಗೆ ಸಿಗಲ್ಲ. ಸರದಿ ಬರುತ್ತೆ, ಹೋಗುತ್ತೆ, ಆದರೆ ಸರದಿಯನ್ನು ಯಾರೂ ಒತ್ತೆ ಇಡುವುದಿಲ್ಲ. ರೇಷನ್ ಅಂಗಡಿ ಮುಂದೆ ನಿಂತವನದು ಸರದಿ. ಪಾಳಿಗೆ ಒಡೆಯ ಇರುತ್ತಾನೆ. ಊರ ಗುಡಿಯಲ್ಲಿ ‘ಈ ವರ್ಷ ಪೂಜೆ ಪಾಳಿ ನಮ್ಮದು’ ಅನ್ನುವಾಗಲೂ ಅದೇ ಗತ್ತು.

ಎರಡು ತಕರಾರು ಆಗಲೇ ಬಂದಿವೆ. ಮೈಸೂರಿನ ಗೆಳತಿ ಹೇಳುವುದು, ಅವರ ಕಡೆ ಪಾಳಿ ಅಂದರೆ ಫ್ಯಾಕ್ಟರಿ ಶಿಫ್ಟು ಮಾತ್ರ. ‘ಮೊದಲ ಪಾಳಿ’ ಅಂದರೆ ಬೆಳಗಿನ ಜಾವದ ಬಸ್ಸು ನೆನಪಾಗುತ್ತಂತೆ. ಇನ್ನೊಂದು ಬೆಳಗಾವಿಯ ಗೆಳೆಯನದು. ಮರಾಠಿಯಲ್ಲಿ ಪಾಳಿ ಅಂದರೆ ಸರದಿಯೂ ಹೌದು, ಮುಟ್ಟೂ ಹೌದು. ಅವನ ಹೆಂಡತಿ ‘ಮೊದಲ ಪಾಳಿ ಕಳಕೊಂಡ್ರು’ ಅನ್ನುವ ಮಾತು ಕೇಳಿ ಅಡುಗೆಮನೆಯಿಂದ ಓಡಿ ಬಂದರಂತೆ. ಎರಡನೆಯದನ್ನು ನಾನು ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಮೊದಲನೆಯದು ನಿಜವಾದ ತೊಡಕು.

ಇನ್ನೊಂದು ಮಾತು ಕೇಳಿಬಂತು: ‘ನಮ್ಮಲ್ಲಿ ಇಲ್ಲದ ಪದ್ಧತಿಗೆ ನಮ್ಮ ಪದ ಯಾಕೆ?’ ಇದು ತಪ್ಪು. 2008ರಲ್ಲಿ ಐಪಿಎಲ್ ಶುರುವಾದಾಗ 19 ವರ್ಷದೊಳಗಿನ ತಂಡದ ಹುಡುಗರನ್ನು ಹರಾಜಿಗೆ ಹಾಕಲಿಲ್ಲ. ಡ್ರಾಫ್ಟ್ ಮಾಡಿ ಹಂಚಿದರು. ದೆಹಲಿಯವರು ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ರನ್ನು ಎತ್ತಿಕೊಂಡರು. ಕೊಹ್ಲಿ ಬೆಂಗಳೂರಿನ ಪಾಲಾದರು. ಅಂದರೆ ಆರ್‌ಸಿಬಿಗೆ ಕೊಹ್ಲಿ ಬಂದದ್ದು ಹರಾಜಿನಿಂದಲ್ಲ, ಪಾಳಿಯಿಂದ. ಬೆಂಗಳೂರಿನವರು ಈ ಪದಕ್ಕೆ ಸ್ವಲ್ಪ ಋಣಿಗಳಾಗಿರಬೇಕು. 2015ರ ಡಿಸೆಂಬರ್‌ನಲ್ಲೂ ಹೀಗೇ ಆಯ್ತು. ಪುಣೆ, ರಾಜ್‌ಕೋಟ್ ಹೊಸ ತಂಡಗಳಾಗಿ ಬಂದಾಗ ಧೋನಿ ಪುಣೆಗೆ, ರೈನಾ ರಾಜ್‌ಕೋಟ್‌ಗೆ ಹೋದದ್ದು ಡ್ರಾಫ್ಟ್‌ನಲ್ಲೇ.

ಊರ ಹುಡುಗನನ್ನು ಬಿಟ್ಟುಕೊಟ್ಟ ಕಥೆ ಪಿಟ್ಸ್‌ಬರ್ಗ್‌ನಲ್ಲೂ ಇದೆ. ಇಲ್ಲಿಯವರಿಗೆ ಅದು ಹಳೇ ಗಾಯ. 1983ರಲ್ಲಿ ಸ್ಟೀಲರ್ಸ್‌ದು 21ನೇ ಪಾಳಿ. ಡ್ಯಾನ್ ಮರೀನೊ ಇದೇ ಊರಲ್ಲಿ ಹುಟ್ಟಿ, ಇದೇ ಊರಿನ ಯೂನಿವರ್ಸಿಟಿಗೆ ಆಡಿದ ಕ್ವಾರ್ಟರ್‌ಬ್ಯಾಕ್. ಕೈಗೆ ಸಿಗುವ ಹಾಗಿದ್ದ. ಸ್ಟೀಲರ್ಸ್ ಅವನನ್ನು ಬಿಟ್ಟು ಗೇಬ್ ರಿವೇರಾ ಅನ್ನುವ ಡಿಫೆನ್ಸ್ ಆಟಗಾರನನ್ನು ತಗೊಂಡರು. ಆ ಹುಡುಗ ಅದೇ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ನಡೆದಾಡುವ ಶಕ್ತಿಯನ್ನೇ ಕಳೆದುಕೊಂಡ. ಮರೀನೊ 27ನೆಯವನಾಗಿ ಮಯಾಮಿಗೆ ಹೋಗಿ ದಾಖಲೆ ಮೇಲೆ ದಾಖಲೆ ಬರೆದ. ನಮ್ಮ ಆಫೀಸಿನ ಹಿರಿಯರೊಬ್ಬರು ಇವತ್ತಿಗೂ 21 ಅನ್ನುವ ಸಂಖ್ಯೆ ಕೇಳಿದರೆ ಕಾಫಿ ಲೋಟ ಕೆಳಗಿಡುತ್ತಾರೆ.

2025ರ ಆ ರಾತ್ರಿಯೂ ನಮ್ಮದು 21ನೇ ಪಾಳಿ! ಎರಡನೇ ಸುತ್ತಿನ ಪಾಳಿಯನ್ನು ಆಗಲೇ ಸಿಯಾಟಲ್‌ಗೆ ಕೊಟ್ಟು ಡಿ.ಕೆ. ಮೆಟ್‌ಕಾಫ್ ಅನ್ನುವ ಆಟಗಾರನನ್ನು ತಂದಾಗಿತ್ತು. ಹಾಗಾಗಿ ಇರುವುದು ಇದೊಂದೇ, ಇದು ಬಿಟ್ಟರೆ ಮೂರನೇ ಸುತ್ತಿನವರೆಗೂ ಕೈಕಟ್ಟಿ ಕೂರಬೇಕು. ಮಂಡ್ಯದ ಗೆಳೆಯನ ಹಟ, ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್‌ನನ್ನು ಎತ್ತಲೇಬೇಕು. ದಾವಣಗೆರೆಯವನದು, ‘ಮೊದಲು ಮುಂದಿನ ಸಾಲು ಗಟ್ಟಿ ಮಾಡಿ, ಆಮೇಲೆ ಮಿಕ್ಕಿದ್ದು.’ ಕೊನೆಗೆ ಬಂದ ಹೆಸರು ಡೆರಿಕ್ ಹಾರ್ಮನ್. ಮತ್ತೆ ಡಿಫೆನ್ಸ್ ಆಟಗಾರ. ಅದೇ 21, ಅದೇ ಕಥೆ! ಮಂಡ್ಯದವನು ರಿಮೋಟ್ ಎಸೆದ. ಅಪ್ಪ ಎತ್ತಿಕೊಟ್ಟರು. ಸ್ಯಾಂಡರ್ಸ್ ಮಾತ್ರ ಇಳಿದ, ಇಳಿದ, ಮೂರನೇ ದಿನ ಐದನೇ ಸುತ್ತಿನಲ್ಲಿ 144ನೆಯವನಾಗಿ ಕ್ಲೀವ್‌ಲ್ಯಾಂಡ್ ಸೇರಿದ. ದಾವಣಗೆರೆಯವನ ಮೆಸೇಜು: ‘ಯಾರ್ ಎಸೆದಿದ್ದು ರಿಮೋಟು?’

ಇನ್ನು ‘ಕ್ವಾರ್ಟರ್‌ಬ್ಯಾಕ್’. ಇದನ್ನು ಅನುವಾದ ಮಾಡಬೇಡಿ, ದಯವಿಟ್ಟು. ಮೂಲ ಅರ್ಥ ಸರಳ. ಮುಂದಿನ ಸಾಲಿನಿಂದ ಎಷ್ಟು ಹಿಂದೆ ನಿಲ್ಲುತ್ತಾನೆ ಅನ್ನುವುದರ ಮೇಲೆ ಕಾಲು, ಅರ್ಧ, ಪೂರ್ತಿ ಅಂತ ಹೆಸರು. ಒಬ್ಬರು ‘ಕಾಲುಹಿಂದಾಳು’ ಅಂತ ಟಂಕಿಸಿದರು. ಕಾಲಿಗೆ ಕೆಲಸವೇ ಕಮ್ಮಿ ಇರುವ ಫುಟ್‌ಬಾಲ್‌ನಲ್ಲಿ, ಕೈಯಲ್ಲಿ ಚೆಂಡು ಎಸೆಯುವವನಿಗೆ ಕಾಲು ಅಂಟಿಸಿದ್ದಾಯ್ತು. ‘ಸಾರಥಿ’ ಅಂದರು ಇನ್ನೊಬ್ಬರು. ಸಾರಥಿ ಬಾಣ ಬಿಡಲ್ಲ, ಇವನು ಬಿಡುತ್ತಾನೆ. ಹಾಗೇ ಇರಲಿ ಅಂದರೆ ಮಂಡ್ಯದ ಗೆಳೆಯನ ಮಾವ ಕೇಳಿದರಂತೆ, ‘ಕ್ವಾರ್ಟರ್ ವಾಪಸ್ ಕೊಟ್ರೆ ಕಾಸು ಕೊಡ್ತಾರೇನಪ್ಪ ಅಲ್ಲಿ?’ ನಗಲಿ ಬಿಡಿ. ವಿಕೆಟ್‌ಕೀಪರ್‌ನನ್ನು ಯಾರೂ ಗೂಟರಕ್ಷಕ ಅನ್ನಲಿಲ್ಲ.

ಆದರೆ ಕ್ವಾರ್ಟರ್‌ಬ್ಯಾಕ್‌ನ ಸುತ್ತ ಇರುವ ಮಾತಿಗೆ ಕನ್ನಡ ತಯಾರಾಗಿ ನಿಂತಿದೆ. 2004ರಲ್ಲಿ 11ನೇ ಪಾಳಿಯಲ್ಲಿ ಸ್ಟೀಲರ್ಸ್‌ಗೆ ಬಂದ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್ 18 ಸೀಸನ್ ಆಡಿದರು. ಅವರು ಹೋದ ಮೇಲೆ ಇಲ್ಲಿ ಯಾರೂ ನಿಂತಿಲ್ಲ. 2022ರ ಮೊದಲ ಸುತ್ತಿನ 20ನೇ ಪಾಳಿಯಲ್ಲಿ ಕೆನ್ನಿ ಪಿಕೆಟ್‌ನನ್ನು ಎತ್ತಿದರು. ಇದೇ ಊರಿನ ಯೂನಿವರ್ಸಿಟಿಯ ಹುಡುಗ, ಮರೀನೊ ತಪ್ಪಿಗೆ ಪ್ರಾಯಶ್ಚಿತ್ತದ ಹಾಗೆ. ಎರಡೇ ವರ್ಷಕ್ಕೆ ಫಿಲಡೆಲ್ಫಿಯಾಗೆ ಕಳಿಸಿದರು. ರಸೆಲ್ ವಿಲ್ಸನ್, ಜಸ್ಟಿನ್ ಫೀಲ್ಡ್ಸ್ ಒಂದೊಂದು ವರ್ಷ ಬಂದು ಹೋದರು. ಹೊಸಬ ಸಿಗುವವರೆಗೆ ಹೀಗೆ ಜಾಗ ತುಂಬುವ ಅನುಭವಿಯನ್ನು ಇಲ್ಲಿ ‘ಬ್ರಿಡ್ಜ್ ಕ್ವಾರ್ಟರ್‌ಬ್ಯಾಕ್’ ಅನ್ನುತ್ತಾರೆ. ‘ಸೇತುವೆ’ ಅಂತ ಬರೆದು ಕೆಡಿಸಬೇಡಿ. ನಮ್ಮಲ್ಲಿ ‘ಹಂಗಾಮಿ’ ಇದೆ. ಹಂಗಾಮಿ ಕುಲಪತಿ, ಹಂಗಾಮಿ ಸಭಾಪತಿ, ಹಂಗಾಮಿ ಕ್ವಾರ್ಟರ್‌ಬ್ಯಾಕ್. ಕಾಯ್ದು ಕೂತ ಸಂಕಟವೆಲ್ಲ ಆ ಪದದಲ್ಲಿದೆ. ಅದರ ಎದುರಿಗೆ ‘ಖಾಯಂ’. ‘ನಮಗೆ ಖಾಯಂ ಕ್ವಾರ್ಟರ್‌ಬ್ಯಾಕ್ ಬೇಕು, 2025ರಲ್ಲಿ 41ರ ವಯಸ್ಸಿಗೆ ಬಂದ ಆರನ್ ರಾಜರ್ಸ್ ಕೂಡ ಹಂಗಾಮಿಯೇ’ ಅಂದರೆ ಸರ್ಕಾರಿ ನೌಕರನ ಮನೆಯಲ್ಲಿ ಬೆಳೆದ ಯಾರಿಗಾದರೂ ತಟ್ಟನೆ ಅರ್ಥವಾಗುತ್ತೆ.

ಭಾರೀ ನಿರೀಕ್ಷೆ ಇಟ್ಟು ಎತ್ತಿದವನು ಕೆಲಸಕ್ಕೆ ಬಾರದೆ ಹೋದರೆ? ‘ಠುಸ್’. ‘1998ರಲ್ಲಿ ಎರಡನೆಯವನಾಗಿ ಬಂದ ರಯನ್ ಲೀಫ್ ಠುಸ್ ಪಟಾಕಿ.’ ಇದಕ್ಕೆ ಚರ್ಚೆಯೇ ಬೇಡ.

ತೊಡಕಿರುವುದು ಇನ್ನೊಂದು ಜೋಡಿಗೆ. ತಂಡದಲ್ಲಿ ಯಾವ ಜಾಗ ಖಾಲಿ ಇದೆಯೋ ಅದಕ್ಕೆ ತಕ್ಕವನನ್ನು ಎತ್ತಬೇಕಾ, ಇಲ್ಲಾ ಜಾಗ ನೋಡದೆ ಮಿಕ್ಕವರಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನು ಎತ್ತಬೇಕಾ? ಅಭಿಮಾನಿಗಳ ಜಗಳ ಮುಕ್ಕಾಲು ಪಾಲು ಇದೇ. ‘ಇದ್ದುದರಲ್ಲಿ ವಾಸಿ’ ಅನ್ನೋಣ ಅಂದುಕೊಂಡೆ. ಆದರೆ ‘ವಾಸಿ’ಯಲ್ಲಿ ಒಂದು ನಿಟ್ಟುಸಿರು ಇದೆ. ಎಲ್ಲ ಕೊಳೆತಿರುವಾಗ ಆರಿಸಿದ ಟೊಮೆಟೊ ಇದ್ದುದರಲ್ಲಿ ವಾಸಿ. ಇಲ್ಲಿ ಹೇಳಬೇಕಾದದ್ದು ಹಾಗಲ್ಲ. ಅವರೆಕಾಯಿಗೆ ಅಂತ ಸಂತೆಗೆ ಹೋದವನು, ಹಲಸು ಚೆನ್ನಾಗಿದೆ ಅಂತ ಅದನ್ನೇ ಹೊತ್ತು ತಂದ ಹಾಗೆ. ಇದಕ್ಕೆ ನನ್ನ ಹತ್ತಿರ ಪದ ಇಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೊಡಿ.

ಮುಖ್ಯವಾಗಿ ಕೇಳಬೇಕಾದದ್ದು ಇಷ್ಟು. ತುಮಕೂರು, ಮೈಸೂರು, ಕೊಡಗಿನ ಕಡೆಯವರಿಗೆ ‘21ನೇ ಪಾಳಿ’ ಅಂದರೆ ಶಿಫ್ಟು ಬಿಟ್ಟು ಬೇರೆ ಏನಾದರೂ ಹೊಳೆಯುತ್ತಾ? ಕರಾವಳಿಯಲ್ಲಿ ಇದಕ್ಕೆ ಬೇರೆ ಮಾತಿದೆಯಾ? ಮತ್ತೆ ಕ್ರಿಯಾಪದ ‘ಎತ್ತು’ ಸಾಕಾ, ತೀರಾ ಒರಟಾಯ್ತಾ? ನನಗೇನೋ ಇಷ್ಟ, ಕೂಸನ್ನೂ ಎತ್ತುತ್ತೇವೆ, ಚೀಟಿಯನ್ನೂ ಎತ್ತುತ್ತೇವೆ.

ಅವಸರಕ್ಕೆ ಕಾರಣ ಇದೆ. 2026ರ ಡ್ರಾಫ್ಟ್ ನಡೆಯುವುದು ಪಿಟ್ಸ್‌ಬರ್ಗ್‌ನಲ್ಲೇ. ನಾವು ಕನ್ನಡದಲ್ಲಿ ಒಂದು ಬ್ಯಾನರ್ ಹಿಡಿದು ನಿಲ್ಲಬೇಕು ಅಂತಿದ್ದೇವೆ. ಬಟ್ಟೆ ತಂದಾಗಿದೆ, ಹಳದಿದು, ಮೂರು ಗಜ. ಒಬ್ಬರು ಆಗಲೇ ‘ಪ್ರಥಮ ಸುತ್ತಿನ ಕ್ರೀಡಾಪಟುಗಳ ಆಯ್ಕೆ ಪ್ರಕ್ರಿಯೆ’ ಅಂತ ಬರೆದು ಕಳಿಸಿದ್ದಾರೆ. ಅದು ಬಟ್ಟೆಯಲ್ಲಿ ಹಿಡಿಯಲ್ಲ.