ಇಂಗ್ಲಿಷಿನಲ್ಲಿ 'ಇಷ್ಟು ಆಗುತ್ತದೆ, ಇದಕ್ಕಿಂತ ಜಾಸ್ತಿ ಆಗುವುದಿಲ್ಲ' ಅಂತ ಮರ್ಯಾದೆಯಾಗಿ ಹೇಳುವುದು ಹೇಗೆ?

ಹೋಂಸ್ಟೇ_ಮಡಿಕೇರಿ ಕೇಳಿದ್ದು:

ಮಡಿಕೇರಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಹೋಂಸ್ಟೇ ಇದೆ. ಬೆಂಗಳೂರಿನವರೇ ಜಾಸ್ತಿ, ಆದರೂ ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆಯವರೂ ಬರುತ್ತಾರೆ. ಎದುರಿಗೆ ಸಿಕ್ಕಾಗ ಮಾತು ಹೇಗೋ ನಡೆಯುತ್ತದೆ, ಮುಖ ನೋಡಿದರೆ ಅರ್ಥ ಆಗುತ್ತದೆ ಅಲ್ವಾ. ಮೇಲ್ ಬರೆಯುವಾಗಲೇ ಕಷ್ಟ. ಅದರಲ್ಲೂ ಅವರು ಕೇಳಿದ್ದರಲ್ಲಿ ಸ್ವಲ್ಪ ಆಗುತ್ತದೆ, ಸ್ವಲ್ಪ ಆಗುವುದಿಲ್ಲ, ಉಳಿದದ್ದು ಮಳೆ ಬಿಟ್ಟರೆ ಮಾತ್ರ ಅನ್ನುವ ಹಾಗಿದ್ದರೆ ಏನು ಬರೆಯಬೇಕೋ ಗೊತ್ತಾಗುವುದಿಲ್ಲ.

ಈಗ ಬಂದಿರುವ ಮೇಲ್ ಬಗ್ಗೆಯೇ ಹೇಳುತ್ತೇನೆ. ಇಂಗ್ಲೆಂಡಿನ ಗಂಡ ಹೆಂಡತಿ, ಜುಲೈಯಲ್ಲಿ ಬರುತ್ತಾರಂತೆ. ಒಂದೇ ದಿನ ತಲಕಾವೇರಿ, ಮಾಂದಲ್‌ಪಟ್ಟಿ, ದುಬಾರೆ ಮೂರೂ ನೋಡಬೇಕು. ರಾತ್ರಿ ಆಫೀಸಿನ ವಿಡಿಯೋ ಕಾಲ್ ಇದೆ, ಇಂಟರ್ನೆಟ್ ಇರಲೇಬೇಕು. ಕೊಡಗಿಗೆ ರೈಲು ಇಲ್ಲ ಅಂತ ಗೊತ್ತಾಗಿ, ಮೈಸೂರು ಸ್ಟೇಷನ್ನಿಂದ ನಾವೇ ಕರೆದುಕೊಂಡು ಬರಬೇಕು ಅಂದಿದ್ದಾರೆ. ತಲಕಾವೇರಿ ಒಂದು ದಿಕ್ಕು, ದುಬಾರೆ ಇನ್ನೊಂದು ದಿಕ್ಕು. ಜುಲೈಯಲ್ಲಿ ಹೊಳೆ ತುಂಬಿದರೆ ದುಬಾರೆಯಲ್ಲಿ ದೋಣಿಯೇ ಬಿಡುವುದಿಲ್ಲ. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ನಮ್ಮಲ್ಲಿ ಜನರೇಟರ್ ಇದೆ, ಆದರೆ ಟವರೇ ಕೈಕೊಟ್ಟರೆ ಜನರೇಟರ್ ಏನು ಮಾಡುತ್ತದೆ?

'ನಾಟ್ ಪಾಸಿಬಲ್' ಅಂತ ಬರೆದರೆ ಮುಖದ ಮೇಲೆ ಹೊಡೆದ ಹಾಗೆ ಆಗುತ್ತದೆ. 'ವಿ ವಿಲ್ ಟ್ರೈ' ಅಂದರೆ ಕೆಲವರು ಆಗೇ ಆಗುತ್ತದೆ ಅಂದುಕೊಂಡು ಬರುತ್ತಾರೆ, ಕೆಲವರು ಆಗುವುದಿಲ್ಲ ಅಂದುಕೊಂಡು ಬೇರೆ ಕಡೆ ಬುಕ್ ಮಾಡುತ್ತಾರೆ. ಇಂಗ್ಲಿಷ್ ಮನೆಮಾತಾಗಿರುವವರು ಇಂಥ ಕಡೆ ಏನಂತ ಹೇಳುತ್ತಾರೆ? ಡಿಕ್ಷನರಿಯ ಅರ್ಥ ಬೇಡ, ಅವರ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದು ಬೇಕು.

ಪಾಠ_ವಿರಾಜಪೇಟೆ:

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳಿಗೆ ಪರೀಕ್ಷೆಗೆ ಬೇಕಾದ ಗ್ರಾಮರ್ ಬರುತ್ತದೆ, ಇದು ಬರುವುದಿಲ್ಲ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೋಡಬೇಕಾದದ್ದು ಮನಸ್ಸಿಲ್ಲದೆ ಆಗುವುದಿಲ್ಲವೋ, ಕೈಲಾಗದೆ ಆಗುವುದಿಲ್ಲವೋ ಅನ್ನುವುದು. 'ವಿ ವೋಂಟ್ ಪಿಕ್ ಯು ಅಪ್' ಅಂದರೆ ಅವರಿಗೆ 'ನಾವು ಬರುವುದಿಲ್ಲ, ಬೇಕಾದರೆ ನೋಡಿಕೊಳ್ಳಿ' ಅಂದ ಹಾಗೆ ಕೇಳಬಹುದು. 'ವಿ ವೋಂಟ್ ಬಿ ಏಬಲ್ ಟು ಪಿಕ್ ಯು ಅಪ್' ಅಂದರೆ ಮನಸ್ಸಿದೆ, ಅನುಕೂಲ ಇಲ್ಲ ಅಂತ. ಅದರ ಮುಂದೆ 'ಐ ಆ್ಯಮ್ ಅಫ್ರೇಡ್' ಅಂತ ಸೇರಿಸುತ್ತಾರೆ. ಇಲ್ಲಿ ಹೆದರಿಕೆಯ ಮಾತಿಲ್ಲ, ಬೇಜಾರಿನ ಸುದ್ದಿ ಬರುತ್ತಿದೆ ಅಂತ ಮೊದಲೇ ತಿಳಿಸುವುದು ಅಷ್ಟೇ. ನಿಮ್ಮ 'ನಾಟ್ ಪಾಸಿಬಲ್' ಕೂಡ 'ಐ ಆ್ಯಮ್ ಅಫ್ರೇಡ್ ದಟ್ ವೋಂಟ್ ಬಿ ಪಾಸಿಬಲ್' ಅಂತ ಆದರೆ ಅದೇ ಇಲ್ಲ ಅನ್ನುವ ಮಾತೇ, ಆದರೆ ಚುಚ್ಚುವುದಿಲ್ಲ.

ಇನ್ನೊಂದು, ಆಗದೇ ಇರುವುದರ ಕಾರಣವನ್ನು ಅವರು ಸುಮ್ನೆ ತಮ್ಮ ಮೇಲೆ ಹಾಕಿಕೊಳ್ಳುವುದಿಲ್ಲ. 'ದೇರ್ಸ್ ಓನ್ಲಿ ಸೋ ಮಚ್ ಯು ಕ್ಯಾನ್ ಫಿಟ್ ಇನ್ ಎ ಡೇ' ಅನ್ನುತ್ತಾರೆ. ಒಂದು ದಿನಕ್ಕೆ ಹಿಡಿಸುವುದೇ ಇಷ್ಟು ಅಂತ. ಇಲ್ಲಿ ಮಿತಿ ನಿಮ್ಮದೂ ಅಲ್ಲ, ಅತಿಥಿಯದೂ ಅಲ್ಲ, ದಿನದ್ದು. ಮೂರು ಜಾಗದ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಗೊತ್ತಿಲ್ಲ.

ನಡೆದುಹೋದ ಸಂಗತಿ ಬರೆಯುವಾಗ ನಮ್ಮವರು ತುಂಬಾ ಜನ ಎಡವುವ ಜಾಗವೂ ಒಂದಿದೆ. ನಿನ್ನೆ ಮಳೆಯಲ್ಲೂ ತಲಕಾವೇರಿ ತಲುಪಿದೆವು ಅನ್ನುವುದಕ್ಕೆ 'ವಿ ಕುಡ್ ರೀಚ್' ಅಂತ ಬರೆಯುತ್ತಾರೆ. ಒಂದು ಸಲ ಕಷ್ಟಪಟ್ಟು ಆದ ಕೆಲಸಕ್ಕೆ ಇಂಗ್ಲಿಷಿನವರು 'ಕುಡ್' ಹಾಕುವುದಿಲ್ಲ. 'ವಿ ಮ್ಯಾನೇಜ್ಡ್ ಟು' ಅಥವಾ 'ವಿ ವರ್ ಏಬಲ್ ಟು' ಅನ್ನುತ್ತಾರೆ. 'ಕುಡ್' ಅಂದರೆ ಹೋಗುವ ದಾರಿ ಇತ್ತು, ಹೋದರೋ ಇಲ್ಲವೋ ಗೊತ್ತಿಲ್ಲ ಅನ್ನುವ ಹಾಗೆ ಇರುತ್ತದೆ. ಆಗಲಿಲ್ಲ ಅನ್ನುವಾಗ ಮಾತ್ರ ಈ ತೊಂದರೆ ಇಲ್ಲ, 'ಕುಡ್‌ನ್ಟ್' ಒಂದು ಸಲ ಆಗದ್ದಕ್ಕೂ ಯಾವಾಗಲೂ ಆಗದ್ದಕ್ಕೂ ಸರಿ.

ಕಾಫಿ_ಗೋಣಿಕೊಪ್ಪ:

ಮೇಡಂ ಹೇಳಿದ್ದು ಮಾತಿನ ಇಂಗ್ಲಿಷ್. ನಾನು ಕಾಫಿ ವ್ಯಾಪಾರದಲ್ಲಿ ಹೊರಗಿನವರ ಕರಾರು ಪತ್ರ ಓದುವವನು, ಅಲ್ಲಿ ಈ ಮಾತುಗಳಿಗೆ ತೂಕವೇ ಬೇರೆ. ಇಂಗ್ಲೆಂಡಿನ ಕರಾರುಗಳಲ್ಲಿ 'ಬೆಸ್ಟ್ ಎಂಡೆವರ್ಸ್' ಅಂತ ಇದ್ದರೆ ಹೊಣೆ ಭಾರಿ, 'ರೀಸನಬಲ್ ಎಂಡೆವರ್ಸ್' ಅಂತ ಇದ್ದರೆ ಅಷ್ಟಿಲ್ಲ. ನಾವು 'ಬೆಸ್ಟ್' ಅನ್ನುವುದನ್ನು ಸೌಜನ್ಯಕ್ಕೆ ಹಾಕುತ್ತೇವೆ, ವಕೀಲರು ಅದನ್ನು ಹಾಗೆ ಓದುವುದಿಲ್ಲ.

ಇಂಥ ಪದಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಯೊಂದರಲ್ಲಿ ಒಳದಾರಿಯ ಪಕ್ಕ ಆಸರೆ ಇಲ್ಲದ ಕಡೆ ಕುಸಿದು ಕೆಲಸಗಾರನೊಬ್ಬ ಸತ್ತ. ಆ ಕೇಸಿನಲ್ಲಿ, ಎಡ್ವರ್ಡ್ಸ್ ಮತ್ತು ನ್ಯಾಷನಲ್ ಕೋಲ್ ಬೋರ್ಡ್ ನಡುವಿನದು, 1949ರಲ್ಲಿ ಕೋರ್ಟು 'ರೀಸನಬ್ಲಿ ಪ್ರಾಕ್ಟಿಕಬಲ್' ಅನ್ನುವುದು 'ಫಿಸಿಕಲಿ ಪಾಸಿಬಲ್' ಅನ್ನುವುದಕ್ಕಿಂತ ಕಡಿಮೆ ವ್ಯಾಪ್ತಿಯದು ಅಂತ ಹೇಳಿತು. ಒಂದು ಕಡೆ ಅಪಾಯ ಎಷ್ಟು, ಇನ್ನೊಂದು ಕಡೆ ಅದನ್ನು ತಪ್ಪಿಸಲು ಹಣ, ಸಮಯ, ತೊಂದರೆ ಎಷ್ಟು, ಎರಡನ್ನೂ ತೂಗಬೇಕು. ಅಪಾಯಕ್ಕೆ ಹೋಲಿಸಿದರೆ ಖರ್ಚು ತೀರಾ ಅತಿಯಾದರೆ ಮಾತ್ರ ಬಿಡಬಹುದು. 1974ರಲ್ಲಿ ಅಲ್ಲಿ ಬಂದ ಕೆಲಸದ ಸುರಕ್ಷತೆಯ ಕಾನೂನಿನ ತುಂಬ ಇದೇ ಮಾತು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇದು ಸುಮ್ನೆ ಪದದ ಜಗಳ ಅನ್ನಿಸುವುದಿಲ್ಲ. ಬದಿಗೆ ತಡೆಗೋಡೆ ಕಟ್ಟಲು ಆಗುತ್ತಿತ್ತೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ, ಕಟ್ಟಬೇಕಿತ್ತೋ ಅನ್ನುವುದು ಇನ್ನೊಂದು.

ವಿಮಾನದವರೂ ಇದೇ ವ್ಯತ್ಯಾಸ ಇಟ್ಟುಕೊಂಡಿದ್ದಾರೆ. 'ಲ್ಯಾಂಡ್ ಆ್ಯಸ್ ಸೂನ್ ಆ್ಯಸ್ ಪಾಸಿಬಲ್' ಅಂದರೆ ಸುರಕ್ಷಿತವಾಗಿ ಇಳಿಯಲು ಆಗುವ ಹತ್ತಿರದ ಜಾಗದಲ್ಲೇ ಇಳಿಸಿಬಿಡು. 'ಪ್ರಾಕ್ಟಿಕಬಲ್' ಅಂತ ಇದ್ದರೆ ಪೈಲಟ್ ಸ್ವಲ್ಪ ಯೋಚಿಸಿ ಅನುಕೂಲದ ಕಡೆ ಇಳಿಸಬಹುದು.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲೂ ನೋಡಿ. 41ನೇ ವಿಧಿಯಲ್ಲಿ ಕೆಲಸದ ಹಕ್ಕು, ಓದುವ ಹಕ್ಕು, ಮುಪ್ಪಿನಲ್ಲಿ ಕಾಯಿಲೆಯಲ್ಲಿ ನೆರವು, ಇದಕ್ಕೆಲ್ಲ ಸರ್ಕಾರ ವ್ಯವಸ್ಥೆ ಮಾಡಬೇಕು, ಆದರೆ 'ವಿದಿನ್ ದಿ ಲಿಮಿಟ್ಸ್ ಆಫ್ ಇಟ್ಸ್ ಇಕನಾಮಿಕ್ ಕೆಪ್ಯಾಸಿಟಿ'. ಹಣದ ಶಕ್ತಿ ಇರುವಷ್ಟು. 45ನೇ ವಿಧಿಯಲ್ಲಿ ಮೊದಲು ಮಕ್ಕಳ ಶಿಕ್ಷಣಕ್ಕೆ 'ಶಲ್ ಎಂಡೆವರ್', ಅಂದರೆ ಪ್ರಯತ್ನಪಡಬೇಕು ಅಂತ ಮಾತ್ರ ಇತ್ತು. ಆ ಪ್ರಯತ್ನ ಹಕ್ಕಾಗಿದ್ದು 2002ರ 86ನೇ ತಿದ್ದುಪಡಿಯಲ್ಲಿ. ಒಂದು ಮೆತ್ತನೆಯ ಪದ ಎಷ್ಟು ವರ್ಷ ಹಿಡಿಯಬಲ್ಲದು ಅಂತ ನೆನೆದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಮಳೆನಾಡು_ಸೋಮವಾರಪೇಟೆ:

ಎಲ್ಲ ಸರಿ, ಆದರೆ ಪಾಪ ಅವರು ಕೇಳಿದ್ದು ಒಂದು ಮೇಲ್. ನಾನು ಇಂಗ್ಲೆಂಡಿನವರ ಜೊತೆ ಕೆಲಸ ಮಾಡಿ ಬಂದವಳು, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅವರ ಮೆತ್ತನೆ ಮಾತುಗಳನ್ನೆಲ್ಲ ನಾವು ಎತ್ತಿಕೊಂಡು ಬರಬಾರದು. 'ವಿ ವಿಲ್ ಸೀ ವಾಟ್ ವಿ ಕ್ಯಾನ್ ಡು' ಅಂತ ಅವರು ಅಂದರೆ ನಮ್ಮ 'ನೋಡೋಣ' ಇದ್ದ ಹಾಗೆ, ಆಗುವುದು ಅನುಮಾನ. ಅದನ್ನೇ ನೀವು ಬರೆದರೆ ಪುನಃ ಅದೇ ಗೊಂದಲ. 'ಎನಿಥಿಂಗ್ ವಿದಿನ್ ರೀಸನ್' ಅಂತಲೂ ಹೋಟೆಲಿನವರು ಹೇಳುತ್ತಾರೆ, ಯಾವುದು ರೀಸನ್ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಜುಲೈಯ ಕೊಡಗು ಅವರಿಗೆ ಗೊತ್ತಿಲ್ಲವಲ್ಲ.

ನನ್ನನ್ನು ಕೇಳಿದರೆ, ಎಲ್ಲಿಯ ತನಕ ಆಗುತ್ತದೆ ಅನ್ನುವುದನ್ನು ಮೊದಲು ಹೇಳಿ. 'ದಿ ಮೋಸ್ಟ್ ವಿ ಕ್ಯಾನ್ ಡು ಈಸ್' ಅಂತ ಶುರು ಮಾಡಿ, ಏನು ಕೊಡುತ್ತೀರೋ ಅದನ್ನು ಬಿಡಿಸಿ ಬರೆಯಿರಿ. ಇಂಟರ್ನೆಟ್‌ಗೆ 'ವಿ ಕಾಂಟ್ ಗ್ಯಾರಂಟೀ' ಅಂತ ನೇರವಾಗಿ ಹೇಳಿ. ಈ ಮಾತಿಗೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಂಬಿಕೆಯೇ ಬರುತ್ತದೆ. ಬಂದ ಮೇಲೆ ಮೀಟಿಂಗ್ ತಪ್ಪಿದರೆ ಮಾತ್ರ ಬಿಡುವುದಿಲ್ಲ.

ಹೋಂಸ್ಟೇ_ಮಡಿಕೇರಿ:

ತುಂಬಾ ಉಪಕಾರ ಆಯಿತು. ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ, ನೋಡಿ ಹೇಳಿ. ಮೊದಲಿಗೆ, ವೆದರ್ ಪರ್ಮಿಟಿಂಗ್, ಮೈಸೂರಿಗೆ ಕಾರು ಕಳಿಸುತ್ತೇವೆ, ಬಾಡಿಗೆ ಇಷ್ಟು. ಆಮೇಲೆ ಒಂದು ದಿನಕ್ಕೆ ಹಿಡಿಸುವುದೇ ಇಷ್ಟು ಅನ್ನುವ ಮೇಡಂ ವಾಕ್ಯ, ಅದರ ಕೆಳಗೆ ಒಂದು ದಿನ ತಲಕಾವೇರಿ, ಮರುದಿನ ಮಾಂದಲ್‌ಪಟ್ಟಿ. ದುಬಾರೆಗೆ 'ಅನ್‌ಲೈಕ್ಲಿ ಇನ್ ಜುಲೈ'. ಇಂಟರ್ನೆಟ್‌ಗೆ 'ಕಾಂಟ್ ಗ್ಯಾರಂಟೀ', ಜನರೇಟರ್ ಇದೆ ಅಂತಲೂ ಹಾಕಿದ್ದೇನೆ.

ಪಾಠ_ವಿರಾಜಪೇಟೆ:

ಚೆನ್ನಾಗಿದೆ. 'ವೆದರ್ ಪರ್ಮಿಟಿಂಗ್' ಮಾತ್ರ ಜಾಗ ಬದಲಿಸಿ. ಅದು ಕಾರಿನ ವಾಕ್ಯದಲ್ಲಿದ್ದರೆ ಮಳೆ ಬಂದರೆ ಸ್ಟೇಷನ್ನಿಗೆ ಯಾರೂ ಬರುವುದಿಲ್ಲ ಅಂತ ಓದುತ್ತಾರೆ, ಜುಲೈಯಲ್ಲಿ ಮಳೆ ಇಲ್ಲದ ದಿನ ಎಲ್ಲಿದೆ? ಮಾಂದಲ್‌ಪಟ್ಟಿ ಪಕ್ಕಕ್ಕೆ ಹಾಕಿ, ಜೀಪು ಹತ್ತುವುದು ಅಲ್ಲಿ ತಾನೇ ಮಳೆ ನೋಡಿಕೊಂಡು. ಕಾರಿಗೆ ಸುಮ್ನೆ 'ವಿ ವಿಲ್ ಸೆಂಡ್ ಎ ಕಾರ್' ಸಾಕು.

ಮಳೆನಾಡು_ಸೋಮವಾರಪೇಟೆ:

ವಿಡಿಯೋ ಕಾಲ್ ಎಷ್ಟು ಗಂಟೆಗೆ ಅಂತಲೂ ಅದರಲ್ಲೇ ಕೇಳಿಬಿಡಿ. ಅಷ್ಟು ಮುಖ್ಯ ಆದರೆ ಆ ಒಂದು ರಾತ್ರಿ ಮೈಸೂರಿನಲ್ಲೇ ಉಳಿದು, ಕಾಲ್ ಮುಗಿಸಿ ಬೆಳಿಗ್ಗೆ ಹೊರಡಬಹುದು.