ಗ್ಲಾಸ್ ನೈಲಾನ್ ಗೇರಿಗೆ ಮರುಬಳಕೆ ಮಾಲು: ಹಾಕಿ ನೋಡಿದವರು ಅನುಭವ ಹೇಳಿ

ಪೀಣ್ಯ ನಾಲ್ಕು ಮಷೀನು:
ಪೀಣ್ಯ ಎರಡನೇ ಹಂತದಲ್ಲಿ, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತುವ ನಾಲ್ಕು ಮಷೀನಿನ ಶೆಡ್ಡು ನನ್ನದು. ಔಷಧಿ ಸಿಂಪಡಿಸುವ ಪಂಪಿಗೆ ಗೇರು, ಹ್ಯಾಂಡಲ್ ಮಾಡಿಕೊಡುತ್ತೇನೆ. ಎಲ್ಲವೂ ನೈಲಾನ್ 66, ಅದರಲ್ಲಿ ಶೇ 30 ಗ್ಲಾಸ್, ಅಂದರೆ ಗಾಜಿನ ನಾರು. ಪಂಪು ರಫ್ತು ಮಾಡುವ ಗ್ರಾಹಕರು ಮುಂದಿನ ಆರ್ಡರಿನಿಂದ ಶೇ 30 ಮರುಬಳಕೆ ಮಾಲು ಇರಲೇಬೇಕು ಎಂದಿದ್ದಾರೆ. ಮಾಲಿನ ತೇವ ಒಣಗಿಸಲು ನನ್ನಲ್ಲಿರುವುದು ಸಾದಾ ಬಿಸಿಗಾಳಿಯ ಹಾಪರ್ ಡ್ರೈಯರ್. ಅದು ಸಾಕೇ, ಗಾಳಿಯ ತೇವ ತೆಗೆದು ಊದುವ ಡಿಹ್ಯುಮಿಡಿಫೈಯರ್ ಕೊಳ್ಳಲೇಬೇಕೇ?

ಬೊಮ್ಮಸಂದ್ರದ ಹಳಬ:
ಹಾಕಬೇಡಿ. ನಾನು ಹಾಕಿ ಕೈ ಸುಟ್ಟುಕೊಂಡವನು. ವರ್ಜಿನ್, ಅಂದರೆ ಹೊಸ ಮಾಲು, ಕೆಜಿಗೆ 262 ರೂಪಾಯಿ ಇದ್ದಾಗ ಮರುಬಳಕೆಯದು 168ಕ್ಕೆ ಸಿಕ್ಕಿತೆಂದು ಎರಡು ಟನ್ ತಂದೆ. ಉಳಿತಾಯ 1,88,000 ಎಂದು ಮನೆಯಲ್ಲಿ ಹೇಳಿಕೊಂಡೂ ಆಗಿತ್ತು. ಮೂರನೇ ದಿನ ಕರಗಿದ ಮಾಲು ಹೊರಬರುವ ನಾಜಲ್ ಕಟ್ಟಿಕೊಂಡಿತು. ಬಿಚ್ಚಿದರೆ ಒಳಗೆ ಅರ್ಧ ಅಕ್ಕಿಕಾಳಿನಷ್ಟು ಹಿತ್ತಾಳೆ. ಯಾರದೋ ಹಳೆಯ ಸ್ವಿಚ್ಚಿನ ಒಳಗೆ ಕೂರಿಸಿದ ಲೋಹದ ತುಂಡು, ಇನ್ಸರ್ಟ್, ತೆಗೆಯದೆ ಹಾಗೆಯೇ ಪುಡಿ ಮಾಡಿ ಕಳಿಸಿದ್ದರು. ಮಾಲು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ರಿಂಗ್ ಹೋಯಿತು, 14,500. ಗೇರಿನ ಮೈ ಮೇಲೆಲ್ಲ ಬೆಳ್ಳಿಗೆರೆ. ಹಲ್ಲಿನ ಬುಡದಲ್ಲಿ ಬಿರುಕು. 11,400 ಪೀಸು ವಾಪಸು, ಪೀಸಿಗೆ ಆರೂವರೆಯಂತೆ 74,100. ವಾಪಸು ತಂದ ಗಾಡಿ ಬಾಡಿಗೆಯೂ ನನ್ನದೇ, 9,200. ಗ್ರಾಹಕರ ಲೈನ್ ನಿಂತದ್ದಕ್ಕೆ ನನ್ನಿಂದ ವಸೂಲಿಗೆ ಡೆಬಿಟ್ ನೋಟ್ 1,36,000. ಒಟ್ಟು 2,33,800. ಸ್ಕ್ರೂ, ಬ್ಯಾರೆಲ್ ಸವೆದದ್ದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಬೈಕಂಪಾಡಿ ಬಲೆ:
ಮಾಲಿನ ಮೇಲೆ ಗೂಬೆ ಕೂರಿಸಬೇಡಿ ಸರ್. ಹಿತ್ತಾಳೆ ಹಾಕಿದವನು ಮನುಷ್ಯ, ನೈಲಾನ್ ಅಲ್ಲ. ನಾನು ಆರು ವರ್ಷದಿಂದ ಹಳೆಯ ಮೀನುಬಲೆ ಕೊಂಡು ಮಾಲು ಮಾಡುತ್ತಿದ್ದೇನೆ. ಮೊದಲ ವರ್ಷ ನಾನೂ ಅತ್ತಿದ್ದೇನೆ. ಬಂದರಿನಿಂದ ಬರುವ ರಾಶಿಯಲ್ಲಿ ಎಲ್ಲವೂ ನೈಲಾನ್ ಇರುವುದಿಲ್ಲ. ಟ್ರಾಲ್ ಬಲೆ ಪಾಲಿಥಿಲೀನ್, ಗಿಲ್‌ನೆಟ್ ನೈಲಾನ್, ಹಗ್ಗ ಪಾಲಿಪ್ರೊಪಿಲೀನ್. ಕತ್ತರಿಸಿ ತೊಟ್ಟಿಯ ನೀರಿಗೆ ಹಾಕಿದರೆ ಬೇರೆಯವು ತೇಲುತ್ತವೆ, ನೈಲಾನ್ ಮುಳುಗುತ್ತದೆ. ಹೇಳುವುದಕ್ಕೆ ಸುಲಭ! ಎಳೆಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ನೈಲಾನ್ ಕೂಡ ತೇಲುತ್ತದೆ. ಒಬ್ಬರು ಕೋಲು ಹಿಡಿದು ದಿನವಿಡೀ ಒತ್ತುತ್ತ ನಿಲ್ಲಬೇಕು. ಉಪ್ಪು ಹೋಗಲು ಮೂರು ಸಲ ತೊಳೆಯಬೇಕು. ಆಮೇಲೂ ಜರಡಿಯಲ್ಲಿ ಚಿಪ್ಪಿನ ಚೂರು, ಸೀಸದ ಗುಂಡು. ಇಷ್ಟೆಲ್ಲ ಮಾಡಿದವರಿಗೆ ಕೆಜಿಗೆ ಹತ್ತು ರೂಪಾಯಿ ಹೆಚ್ಚು ಕೊಡಿ ಎಂದರೆ ನಿಮ್ಮಂಥವರೇ ಹೊಟ್ಟೆ ಹಿಡಿದುಕೊಂಡು ನಗುತ್ತೀರಿ.

ಬೊಮ್ಮಸಂದ್ರದ ಹಳಬ:
ಬಲೆಯ ಮಾಲು ನೈಲಾನ್ 6 ತಾನೇ ಮೇಡಂ? ಅದು ಕರಗುವುದು 220 ಡಿಗ್ರಿಗೆ, 66 ಕರಗುವುದು 260ಕ್ಕೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ 66 ಎಂದು ಮಾರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೈಕಂಪಾಡಿ ಬಲೆ:
ಕಂಡಿದ್ದರೆ ಅವರನ್ನೇ ಕೇಳಿ. ನನ್ನ ಚೀಲದ ಮೇಲೆ ಗೇಣುದ್ದದ ಅಕ್ಷರದಲ್ಲಿ 6 ಎಂದೇ ಬರೆದಿರುತ್ತದೆ. ನಿಮಗೆ ಎರಡು ಟನ್ ಕೊಟ್ಟವರ ಬಳಿ ಟೆಸ್ಟ್ ರಿಪೋರ್ಟ್ ಕೇಳಿದ್ದಿರಾ? ಇಲ್ಲ. 168 ಎಂದೊಡನೆ ಬಾಯಲ್ಲಿ ನೀರು ಬಂತು.

ಮೇಟಗಳ್ಳಿ ಬಾಚಣಿಗೆ:
ನೀವಿಬ್ಬರೂ ಪುಣ್ಯವಂತರು, ನಿಮ್ಮ ಮಾಲು ಬಿಸಿಲಿಗಾದರೂ ನಿಲ್ಲುತ್ತದೆ. ನಾನು ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್ಎ ಪ್ಲಾಸ್ಟಿಕ್ಕಿಗೆ ಮರುಳಾದವಳು. ಬಾಚಣಿಗೆ, ಪೆನ್ ಸ್ಟ್ಯಾಂಡ್, ಸೋಪಿನ ಪೆಟ್ಟಿಗೆ ಮಾಡಿದೆ. ಹೊಳಪು ನೋಡಿ ಅಂಗಡಿಯವರೆಲ್ಲ ಮೆಚ್ಚಿದರು. ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ 40 ಪೆಟ್ಟಿಗೆ ಹೋಯಿತು. ಮುಚ್ಚಿದ ಗಾಡಿಯಲ್ಲಿ ಎರಡು ದಿನ. ಅಲ್ಲಿ ಬಿಚ್ಚಿದಾಗ ಬಾಚಣಿಗೆಗಳು ಹುರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. 60 ಡಿಗ್ರಿ ಹತ್ತಿರ ಬಂದರೆ ಪಿಎಲ್ಎ ಮೆತ್ತಗಾಗುತ್ತದೆ ಎಂದು ಮಾರಿದವರು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. 63,000 ನೀರಿನಲ್ಲಿ ಹೋಮ.

ಇನ್ನೊಂದು ಕಥೆ. ಮಣ್ಣಿನಲ್ಲಿ ಕರಗುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದೆ. ಅತ್ತೆಯವರು ಒಂದು ಬಾಚಣಿಗೆಯನ್ನು ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಹೂತಿಟ್ಟರು. 14 ತಿಂಗಳ ಮೇಲೆ ತೆಗೆದು, ತೊಳೆದು, ಅದರಲ್ಲೇ ಮೊಮ್ಮಗಳ ತಲೆ ಬಾಚಿ, ಗಟ್ಟಿಮುಟ್ಟಾಗಿದೆಯಲ್ಲಮ್ಮ ಎಂದರು. ಅದು ಕೊಳೆಯಬೇಕಾದರೆ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ 58 ಡಿಗ್ರಿ ಶಾಖ ವಾರಗಟ್ಟಲೆ ಬೇಕಂತೆ. ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು ಎಂಬುದೂ ಅಚ್ಚು ಹಾಕಿಸಿದ ಮೇಲೆಯೇ ಗೊತ್ತಾದದ್ದು. ಪೊಟ್ಟಣಗಳನ್ನು ರದ್ದಿಗೆ ಹಾಕಿದೆ.

ಹಾಳೆತಟ್ಟೆ ಪುತ್ತೂರು:
ಅದಕ್ಕೇ ನಾನು ಪ್ಲಾಸ್ಟಿಕ್ ಸಹವಾಸವನ್ನೇ ಬಿಟ್ಟೆ. 2016ರಲ್ಲಿ ರಾಜ್ಯ ಸರ್ಕಾರ ನಿಷೇಧ ತಂದಾಗ ಕಪ್ಪು, ತಟ್ಟೆಯ ಅಚ್ಚುಗಳನ್ನೆಲ್ಲ ಗುಜರಿಗೆ ಹಾಕಿ ಅಡಿಕೆ ಹಾಳೆಗೆ ಇಳಿದೆ. ಇವತ್ತು ನೆಮ್ಮದಿಯಾಗಿದ್ದೇನೆ.

ಬೊಮ್ಮಸಂದ್ರದ ಹಳಬ:
ಒಳ್ಳೆಯದು. ಹಾಳೆಯಿಂದ ಒಂದು ಗೇರು ಮಾಡಿ ಕಳಿಸಿ ಸ್ವಾಮಿ, ಪಂಪಿಗೆ ಹಾಕಿ ನೋಡೋಣ.

ಹಾಳೆತಟ್ಟೆ ಪುತ್ತೂರು:
ವ್ಯಂಗ್ಯ ಬೇಡ. ಕಾನೂನೇ ಶೇ 30 ಮರುಬಳಕೆ ಕಡ್ಡಾಯ ಮಾಡಿದೆ. ನಾಳೆ ನಿಮ್ಮ ಬಾಗಿಲಿಗೂ ಬರುತ್ತಾರೆ.

ಬೈಕಂಪಾಡಿ ಬಲೆ:
ಅದು ಪ್ಯಾಕೇಜಿಂಗಿಗೆ ಸರ್. ಗಡುಸು ಪ್ಯಾಕೇಜಿಂಗಿಗೆ 2025-26ರಿಂದ ಶೇ 30, ಮುಂದೆ ಏರುತ್ತ ಹೋಗುತ್ತದೆ. ಗೇರಿಗೆ ಆ ನಿಯಮ ಇಲ್ಲ. ಇವರಿಗೆ ಕೇಳಿರುವುದು ಗ್ರಾಹಕ, ಸರ್ಕಾರ ಅಲ್ಲ.

ಹರಳೆಣ್ಣೆ ಅಭಿಮಾನಿ:
ಯಾರೂ ನೈಲಾನ್ 11ರ ಹೆಸರೆತ್ತಲಿಲ್ಲ, ಆಶ್ಚರ್ಯ. ಪೂರ್ತಿ ಹರಳೆಣ್ಣೆಯಿಂದ ಆದದ್ದು. ನಾನು ಗಾಳಿ ಬ್ರೇಕಿನ ಕೊಳವೆಗೆ ಒಂಬತ್ತು ವರ್ಷದಿಂದ ಬಳಸುತ್ತಿದ್ದೇನೆ. ನೈಲಾನ್ 6 ನೀರಿನಲ್ಲಿ ಬಿದ್ದಿದ್ದರೆ ತೂಕದ ಶೇ 9ರಷ್ಟು ನೀರು ಕುಡಿಯುತ್ತದೆ, ಇದು ಶೇ 2ರ ಒಳಗೆ. ಕೆಜಿಗೆ ಸಾವಿರದ ಮೇಲೆ ಬೀಳುತ್ತದೆ ಎಂಬುದೊಂದೇ ಸಂಕಟ. ಹರಳು ಗುಜರಾತಿನ ಹೊಲದಲ್ಲಿ ಬೆಳೆದು, ಎಣ್ಣೆ ಹಡಗು ಹತ್ತಿ, ಪ್ಲಾಸ್ಟಿಕ್ ಆಗಿ ನಮಗೇ ವಾಪಸು ಬರುತ್ತದೆ. ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಗೆ ಈ ಬೆಲೆ ತೆರುವಾಗ ಹೊಟ್ಟೆ ಉರಿಯುತ್ತದೆ, ಆದರೂ ತೆರುತ್ತೇನೆ. ಭೂಮಿಗೆ ಭಾರವಾಗದ ಪ್ಲಾಸ್ಟಿಕ್ ಇದೊಂದೇ.

ಮೇಟಗಳ್ಳಿ ಬಾಚಣಿಗೆ:
ಗಿಡದಿಂದ ಬಂದ ಮಾತ್ರಕ್ಕೆ ಮಣ್ಣಿಗೆ ಸೇರುತ್ತದೆಯೇ? ನಿಮ್ಮ ನೈಲಾನ್ 11 ಕೊಳೆಯುವುದಿಲ್ಲ. ನಾನು ಬಾಚಣಿಗೆ ಹೂತು ಕಲಿತದ್ದನ್ನು ನೀವು ಕೊಳವೆ ಹೂತು ಕಲಿಯುವುದು ಬೇಡ.

ಹರಳೆಣ್ಣೆ ಅಭಿಮಾನಿ:
ಕೊಳೆಯುತ್ತದೆ ಎಂದು ನಾನು ಹೇಳಿದೆನೇ? ಬ್ರೇಕಿನ ಕೊಳವೆ ಕೊಳೆಯಬಾರದಮ್ಮ, ಲಾರಿ ನಿಲ್ಲಬೇಕಲ್ಲ!

ರಾತ್ರಿಪಾಳಿ ಆಪರೇಟರ್:
ಮಾಲೀಕರೆಲ್ಲ ದುಡ್ಡಿನ ಲೆಕ್ಕ ಹೇಳಿದಿರಿ, ನಮ್ಮದೂ ಒಂದು ಕೇಳಿ. ನಮ್ಮಲ್ಲಿ ಮರುಬಳಕೆಯ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಓಡಿಸುವಾಗ ಚೀಲದಲ್ಲಿ ಪಿವಿಸಿ ಚೂರು ಸೇರಿತ್ತು. ರಾತ್ರಿ ಎರಡು ಗಂಟೆ. ನಾಜಲ್ ಪಟಪಟ ಸಿಡಿಯಿತು, ಕಣ್ಣು ಬಿಡಲಾಗದಷ್ಟು ಉರಿ, ಮೂಗಿನಲ್ಲಿ ಖಾರ. ಡೆಲ್ರಿನ್ ಒಡೆದು ಹೊರಬಂದ ವಿಷಾನಿಲ, ಫಾರ್ಮಾಲ್ಡಿಹೈಡ್. ಎಂಟು ಜನ ರಸ್ತೆಗೆ ಓಡಿದೆವು. ಬೆಳಗ್ಗೆ ಮಾಲೀಕರು ಮೊದಲು ಕೇಳಿದ್ದು, ಎಷ್ಟು ಶಾಟ್, ಅಂದರೆ ಎಷ್ಟು ಸಲದ ಅಚ್ಚು, ಹೋಯಿತು ಎಂದು.

ಬೊಮ್ಮಸಂದ್ರದ ಹಳಬ:
ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಗೆ ಹಾಕಬೇಡ ತಮ್ಮ.

ರಾತ್ರಿಪಾಳಿ ಆಪರೇಟರ್:
ನೀವು 2,33,800ರವರೆಗೆ ಲೆಕ್ಕ ಬರೆದಿರಿ ಸರ್. ನಾಜಲ್ ಬಿಚ್ಚಿದವನ ಕೈಗೆ ಏನಾಯಿತು ಎಂದು ಬರೆದಿಲ್ಲ.

ಪೀಣ್ಯ ನಾಲ್ಕು ಮಷೀನು:
ಎಲ್ಲರಿಗೂ ಧನ್ಯವಾದ. ಆದರೆ ನಾನು ಕೇಳಿದ್ದು ಡ್ರೈಯರ್ ಬಗ್ಗೆ. ಗುರುವಾರ ಗ್ರಾಹಕರಿಗೆ ಉತ್ತರ ಕೊಡಬೇಕು.

ಬೈಕಂಪಾಡಿ ಬಲೆ:
ನೈಲಾನ್ ಒಳಗೆ ತೇವ ಶೇ 0.2ಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಅದೇ ಬೆಳ್ಳಿಗೆರೆ, ಬಿರುಕು. ಬೇಸಿಗೆಯಲ್ಲಿ ನಿಮ್ಮ ಬಿಸಿಗಾಳಿ ಹಾಪರ್ 80 ಡಿಗ್ರಿಯಲ್ಲಿ ಐದಾರು ಗಂಟೆ ಓಡಿದರೆ ನಡೆದೀತು. ಜುಲೈ ತಿಂಗಳಲ್ಲಿ ಅದು ಹೊರಗಿನ ಒದ್ದೆ ಗಾಳಿಯನ್ನೇ ಕಾಯಿಸಿ ಒಳಗೆ ಊದುತ್ತದೆ. ಶಾಖ ಹೆಚ್ಚಿಸಿದರೆ ಮಾಲು ಹಳದಿಯಾಗುತ್ತದೆ, ಒಣಗುವುದಿಲ್ಲ. ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್ ಬೇಕೇ ಬೇಕು.

ಬೊಮ್ಮಸಂದ್ರದ ಹಳಬ:
ನನ್ನ ಹತ್ತಿರ 50 ಕೆಜಿಯದು ಒಂದು ಇದೆ. ಆ ಎರಡು ಟನ್ ಕಥೆಯಾದ ಮೇಲೆ ಕೊಂಡದ್ದು, ನಾಲ್ಕು ತಿಂಗಳೂ ಓಡಿಲ್ಲ. 1,10,000ಕ್ಕೆ ಕೊಡುತ್ತೇನೆ.

ಬೈಕಂಪಾಡಿ ಬಲೆ:
ಅಂದರೆ ಆ ಎರಡು ಟನ್ನನ್ನು ಡ್ರೈಯರ್ ಇಲ್ಲದೆಯೇ ಓಡಿಸಿದ್ದಿರಾ ಸರ್?

ಬೊಮ್ಮಸಂದ್ರದ ಹಳಬ:
ಬಿಸಿಗಾಳಿಯದು ಇತ್ತು. 95,000ಕ್ಕೆ ಬೇಕಾದರೆ ಹೇಳಿ, ಸಾಗಣೆ ನಿಮ್ಮದು.